ನಗುವುದೇ ಕೆಲಸವಾದವರು

ಕೊಪ್ಪೊಲಾನ ‘ಅಪೋಕಲಿಪ್ಸ್ ನೌ’ (1979) ಚಿತ್ರದಲ್ಲಿ ಸೈನಿಕರ ಮನರಂಜನೆಗೆಂದು ಹೆಲಿಕಾಪ್ಟರಿನಿಂದ ಇಳಿದ ಹುಡುಗಿಯರು ಕುಣಿಯುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಸೈನಿಕರು ವೇದಿಕೆಗೆ ನುಗ್ಗುತ್ತಾರೆ. ಯುದ್ಧದ ಹುಚ್ಚು ತೋರಿಸಲು ಅಷ್ಟು ಸಾಕು, ನಿಜ. ಆದರೆ ಹೆಲಿಕಾಪ್ಟರ್ ಹಾರಿದ್ದೇ ತಡ, ಚಿತ್ರವೂ ಆ ಹುಡುಗಿಯರನ್ನು ಮರೆಯುತ್ತದೆ. 2001ರ ವಿಸ್ತೃತ ಆವೃತ್ತಿಯಲ್ಲಿ ಅವರು ಮತ್ತೆ ಬರುತ್ತಾರೆ. ಬರುವುದೂ ಇಂಧನಕ್ಕೆ ಬದಲಾಗಲಿಕ್ಕೆ!

ಅವರು ಬಿಡಿ, ಸಂಬಳಕ್ಕೆ ಕುಣಿಯಲು ಬಂದವರು. ನನ್ನನ್ನು ಕಾಡುವುದು ಈ ಚಿತ್ರದಲ್ಲಿ ಕಾಣಿಸಿಕೊಳ್ಳದ ಇನ್ನೊಂದು ಗುಂಪು. 1965ರಿಂದ 1972ರವರೆಗೆ ಅಮೆರಿಕನ್ ರೆಡ್‌ಕ್ರಾಸ್ ಮೂಲಕ ಆರುನೂರಕ್ಕೂ ಹೆಚ್ಚು ಪದವೀಧರ ಯುವತಿಯರು ತಾವಾಗಿಯೇ ವಿಯೆಟ್ನಾಮಿಗೆ ಹೋದರು. ತಿಳಿನೀಲಿ ಉಡುಪು, ಚೀಲದಲ್ಲಿ ತಾವೇ ತಯಾರಿಸಿದ ರಸಪ್ರಶ್ನೆ, ಆಟಗಳು. ಕರೆಯುತ್ತಿದ್ದದ್ದು ‘ಡೋನಟ್ ಡಾಲಿ’ ಎಂದು, ಹೆಸರಲ್ಲೇ ಬೊಂಬೆ. ನಿನ್ನೆ ಉತ್ತರ ಹೇಳಿ ಕುಣಿದಾಡಿದ ಹುಡುಗ ಇವತ್ತು ಇಲ್ಲವೆಂದು ಗೊತ್ತಾದರೂ ಮುಂದಿನ ಶಿಬಿರದಲ್ಲಿ ನಗಬೇಕು. ಸಾವು ಅವರನ್ನೂ ಬಿಡಲಿಲ್ಲ: 1970ರಲ್ಲಿ ಕು ಚಿ ಶಿಬಿರದಲ್ಲಿ ಅವರಲ್ಲೊಬ್ಬಳ ಕೊಲೆಯಾಯಿತು.

ವೇದಿಕೆಗೆ ನುಗ್ಗುವ ಗಂಡಸರನ್ನು ಕೊಪ್ಪೊಲಾ ಚೆನ್ನಾಗಿಯೇ ಬಲ್ಲ. ಅವರೆದುರು ಪ್ರಶ್ನೆಯ ಚೀಟಿ ಹಿಡಿದು ನಿಂತವಳಿಗೆ ಆ ಮುಖಗಳು ಹೇಗೆ ಕಂಡವು ಎಂಬುದರತ್ತ ಎರಡು ಆವೃತ್ತಿಗಳಲ್ಲೂ ಅವನ ಕ್ಯಾಮೆರಾ ಒಮ್ಮೆಯೂ ತಿರುಗುವುದಿಲ್ಲ.