ಚಪ್ಪರದ ಕೆಳಗಿನ ತರಗತಿ

ನಲಿ-ಕಲಿ ಕೋಣೆಯಲ್ಲಿ ನನಗೆ ಬಲು ಇಷ್ಟವಾದದ್ದು ಕಲಿಕಾ ಚಪ್ಪರ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಎಲೆ ಅಂಟಿಸಿದ ಹಾಳೆ, ಕಾಗದದ ದೋಣಿ ಎಲ್ಲವನ್ನೂ ತೂಗುಹಾಕುತ್ತೇವೆ. ಮದುವೆ ಮನೆಯ ಚಪ್ಪರದಷ್ಟೇ ಸಡಗರ. ತನ್ನ ಚಿತ್ರ ಯಾವ ದಾರದಲ್ಲಿದೆ ಎಂದು ಒಂದನೇ ತರಗತಿಯ ಮಗುವಿಗೂ ಗೊತ್ತು; ಫ್ಯಾನು ಹಾಕಿದರೆ ಸಾಕು, "ಮಿಸ್, ನಂದು ಹರಿದೋಗುತ್ತೆ" ಎಂದು ಓಡಿಬರುತ್ತದೆ.

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಕಲಿಕಾ ಪದ್ಧತಿ. ಯುನಿಸೆಫ್ ನೆರವಿತ್ತು, ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಮಾದರಿಯಿತ್ತು. ಅದನ್ನು ಇಲ್ಲಿಗೆ ಒಗ್ಗಿಸಿದವರು ನಮ್ಮ ಮೇಷ್ಟ್ರುಗಳೇ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು, ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿ ನೋಡಿ ತಮ್ಮ ಚಟುವಟಿಕೆಯ ಕಾರ್ಡನ್ನು ತಾವೇ ಹುಡುಕಿ ತರುತ್ತಾರೆ. ಅಕ್ಷರವೂ ಅ, ಆ ಎಂದಲ್ಲ. ರ, ಗ, ಸ, ದ, ಅ ಎಂದು ಶುರು. ನಾನು ಕುರ್ಚಿ ಬಿಟ್ಟು ನೆಲಕ್ಕಿಳಿಯಲೇಬೇಕು. ಮಂಡಿ ನೋಯುತ್ತದೆ, ನಿಜ. ದಾಖಲೆ ಬರೆಯುವ ಕೆಲಸವೂ ಜಾಸ್ತಿ. ಆದರೆ ಪಕ್ಕದಲ್ಲಿ ಕೂತಾಗಲೇ ಮಗು ಬೆಳಗ್ಗೆ ತಿಂದು ಬಂದಿಲ್ಲ ಎಂಬುದೂ, ಮನೆಯ ಹಸು ಕರು ಹಾಕಿದ ಸುದ್ದಿಯೂ ಕಿವಿಗೆ ಬೀಳುವುದು. ಮೂರನೇ ತರಗತಿಯ ಹುಡುಗಿ ಚಿಕ್ಕವನ ಕೈ ಹಿಡಿದು 'ಗ' ತಿದ್ದಿಸುವಾಗ ಥೇಟ್ ನನ್ನದೇ ದನಿ: "ನಿಧಾನ ಕಂದ, ಅವಸರ ಏನಿಲ್ಲ."