ಮನ್ನಣೆಯ ಹಸಿವು

ಕೆಲವು ವಾರಗಳ ಹಿಂದೆ ಬಸವನಗುಡಿಯ ಒಂದು ಸಭೆಯಲ್ಲಿ ನಾನೂ ನಾಲ್ಕು ಮಾತನಾಡಿದೆ. ಮರುದಿನ ಬೆಳಿಗ್ಗೆ ಕಾಫಿ ಆರಿಹೋಗುತ್ತಿದ್ದರೂ ಪತ್ರಿಕೆಯ ವರದಿಯಲ್ಲಿ ನನ್ನ ಹೆಸರನ್ನು ಹುಡುಕುತ್ತ ಕುಳಿತಿದ್ದೆ. ಅದು ಇರಲಿಲ್ಲ. ಆ ಮಧ್ಯಾಹ್ನದ ಊಟ ರುಚಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆಗ ನೆನಪಾದದ್ದು ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದ ಒಂದು ಪದ್ಯ.

ಊಟ, ಹಣ, ಗಂಡುಹೆಣ್ಣುಗಳ ಪ್ರೀತಿ, ಇವುಗಳ ಸೆಳೆತ ಒಂದಕ್ಕಿಂತ ಒಂದು ಹರಿತವೆಂದು ಹೇಳುತ್ತ ಹೋಗಿ, ಎಲ್ಲಕ್ಕೂ ಮೇಲೆ ಕವಿ ಮನ್ನಣೆಯ ಬಯಕೆಯನ್ನು ಇರಿಸುತ್ತಾರೆ. ಅದು ಮನುಷ್ಯನನ್ನು ಒಳಗಿನಿಂದಲೇ ಸವೆಸುತ್ತದೆಂಬುದು ಅವರ ಎಚ್ಚರಿಕೆ.

ಕಗ್ಗ ಪ್ರಕಟವಾದದ್ದು 1943ರಲ್ಲಿ. ಅದೇ ವರ್ಷ ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೊ ಮನುಷ್ಯನ ಪ್ರೇರಣೆಗಳನ್ನು ಕುರಿತ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಹಸಿವು, ಭದ್ರತೆ, ಪ್ರೀತಿ ಮತ್ತು ಬಳಗ, ಗೌರವ, ಕೊನೆಗೆ ಸ್ವಶಕ್ತಿಯ ವಿಕಾಸ, ಇದು ಅವರ ಕ್ರಮ. ಎರಡು ಪಟ್ಟಿಗಳೂ ನೆರೆಹೊರೆಯವು. ಬೆಲೆ ಕಟ್ಟುವ ಬಗೆ ಮಾತ್ರ ಬೇರೆ. ಮ್ಯಾಸ್ಲೊ ಅವರಿಗೆ ಗೌರವ ಮೇಲೇರುವ ಒಂದು ಮೆಟ್ಟಲು, ಡಿ.ವಿ.ಜಿ.ಯವರಿಗೆ ಅಲ್ಲಿಯೇ ಜಾರುವ ಭಯ. ಆದರೆ ಮ್ಯಾಸ್ಲೊ ಗೌರವದಲ್ಲಿ ಎರಡು ಬಗೆ ಕಂಡಿದ್ದರು: ತನ್ನ ಸಾಮರ್ಥ್ಯದಲ್ಲಿ ತನಗಿರುವ ನಂಬಿಕೆ ಒಂದು, ಪರರು ಕೊಡುವ ಹೆಸರು ಇನ್ನೊಂದು. ಪದ್ಯದ ಚಾಟಿ ಬೀಳುವುದು ಎರಡನೆಯದರ ಮೇಲೆ.

ಇಲ್ಲಿ ನನ್ನದೊಂದು ಆಕ್ಷೇಪವಿದೆ. ಆತ್ಮಗೌರವವೆಂಬುದು ಜನ ನಮ್ಮನ್ನು ತಮ್ಮವರೆಂದು ಎಣಿಸುತ್ತಾರೆಯೇ ಎಂದು ತೋರಿಸುವ ಮಾಪಕವೆಂದು ಮಾರ್ಕ್ ಲಿಯರಿ ಮತ್ತು ಸಂಗಡಿಗರು 1995ರಲ್ಲಿ ವಾದಿಸಿದರು. ಇದು ನಿಜವಾದರೆ ಮನ್ನಣೆಯ ಬಯಕೆ ಬರಿಯ ಒಣಜಂಭವಲ್ಲ; ಪಂಕ್ತಿಯಿಂದ ಹೊರಗುಳಿದೇನೆಂಬ ಅಂಜಿಕೆಯೂ ಅದರಲ್ಲಿದೆ. ಈ ಅಂಜಿಕೆಗೆ ಪದ್ಯದಲ್ಲಿ ಕನಿಕರವಿಲ್ಲ.

ಕನಿಕರವಿರುವುದು ಅವರ ಗದ್ಯದಲ್ಲಿ. ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ಮೈಸೂರಿನ ದಿವಾನರಿಗಿರುವಂತೆಯೇ ಹೆಸರಿಲ್ಲದ ವೈದಿಕರಿಗೂ ಸಾಮಾನ್ಯ ಸಜ್ಜನರಿಗೂ ಸ್ಥಾನವಿದೆ. ಮನ್ನಣೆಯನ್ನು ಬೇಡಬೇಡವೆಂದವರು ಅದನ್ನು ಕೊಡುವುದರಲ್ಲಿ ಜಿಪುಣರಾಗಲಿಲ್ಲ. 1970ರಲ್ಲಿ ತಮಗೆ ಸಮರ್ಪಿತವಾದ ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ತಾವೇ ಕಟ್ಟಿದ ಗೋಖಲೆ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಸನ್ಮಾನವನ್ನು ಅವರು ನಿರಾಕರಿಸಲಿಲ್ಲ, ಮನೆಗೂ ಒಯ್ಯಲಿಲ್ಲ.

ಆದ್ದರಿಂದ ಕಗ್ಗವನ್ನು ಓದುವವರು ಪಕ್ಕದಲ್ಲಿ ಚಿತ್ರಶಾಲೆಯನ್ನೂ ಇಟ್ಟುಕೊಳ್ಳಬೇಕೆಂದು ನನ್ನ ಸೂಚನೆ. ಪದ್ಯ ನಮ್ಮ ಬಯಕೆಗೆ ಕಡಿವಾಣ ಹಾಕಿದರೆ, ಗದ್ಯ ಇತರರಿಗೆ ನಾವು ಸಲ್ಲಿಸಬೇಕಾದ ಬಾಕಿಯನ್ನು ನೆನಪಿಸುತ್ತದೆ. ಅಂದಿನ ಸಭೆಗೆ ಕುರ್ಚಿ ಜೋಡಿಸಿದಾತನ ಹೆಸರನ್ನು ನಾನೂ ಕೇಳಿರಲಿಲ್ಲ.