ಬಾೞೋ ಬಾಳೋ: ಹಳಗನ್ನಡ ಪಾಠವೂ ಗಣಕದ ಫಾಂಟೂ

ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಕಱೆ’ ಎಂದರೆ ಹಾಲು ಹಿಂಡುವುದು, ‘ಕರೆ’ ಎಂದರೆ ಕೂಗುವುದು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಕಟರೇಫ ಮತ್ತು ರಳಗಳುಳ್ಳ ಶಬ್ದಗಳನ್ನು ಎಣಿಸಿ ಹೇಳಿದ್ದಾನೆ. ಮಾತಿನಲ್ಲಿ ಮಸುಕಾಗುತ್ತಿದ್ದ ಭೇದವನ್ನು ಬರೆಹದಲ್ಲಾದರೂ ಉಳಿಸುವ ಕಾಳಜಿ ಅಲ್ಲಿ ಕಾಣುತ್ತದೆ. ಮುದ್ರಣದ ಕಾಲದಲ್ಲಿ ಈ ಹೊಣೆ ಸಂಪಾದಕನದೂ ಅಚ್ಚುಕೂಟದ್ದೂ ಆಗಿತ್ತು. ಅಚ್ಚಾದ ಅಕ್ಷರ ಎಲ್ಲ ಪ್ರತಿಗಳಲ್ಲಿಯೂ ಒಂದೇ ಆಗಿರುತ್ತಿತ್ತು. ಪರದೆಯ ಮೇಲಿನ ಆವೃತ್ತಿಗೆ ಆ ಖಚಿತತೆ ಇಲ್ಲ. ಅಲ್ಲಿ ಸಂಪಾದಕನು ಕೊಡುವುದು ಅಕ್ಷರದ ಸಂಕೇತವನ್ನು ಮಾತ್ರ. ಅದರ ರೂಪವನ್ನು ಕೊಡುವುದು ಓದುಗನ ಗಣಕದಲ್ಲಿರುವ ಫಾಂಟ್.

ಅನೇಕ ಪುಟಗಳು ಫಾಂಟನ್ನು ಹೆಸರಿಸದೆ ‘ಸಿಸ್ಟಮ್ ಯುಐ’ ಎಂಬ ಸಾಮಾನ್ಯ ಸೂಚನೆಯೊಂದಿಗೆ ನಿಲ್ಲುತ್ತವೆ. ಗಣಕವು ತನ್ನ ಮೆನು, ಗುಂಡಿ, ಸಂದೇಶಗಳಿಗೆ ಬಳಸುವ ಫಾಂಟನ್ನೇ ಇಲ್ಲಿಯೂ ಬಳಸಲಿ ಎಂಬುದು ಅದರ ಅರ್ಥ. ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಸೆಗೋ ಯುಐ, ಆಪಲ್ ಗಣಕಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ. ಇವೆರಡರಲ್ಲಿಯೂ ಕನ್ನಡ ಲಿಪಿಯೇ ಇಲ್ಲ. ಆದ್ದರಿಂದ ಗಣಕವು ಸದ್ದಿಲ್ಲದೆ ಬೇರೊಂದು ಫಾಂಟನ್ನು ಹುಡುಕಿ ತರುತ್ತದೆ: ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಯುಐ, ಆಪಲ್‌ನಲ್ಲಿ ಕನ್ನಡ ಸಂಗಮ್ ಎಂಎನ್‌ನಂಥ ಫಾಂಟ್, ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಪರಿಚಿತವಾದ ತುಂಗಾ, ವಿಂಡೋಸ್ 10ರಲ್ಲಿ ಐಚ್ಛಿಕ ಭಾಗವಾಯಿತು. ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿಕೊಂಡವರಿಗೆ ಅದು ತಾನಾಗಿ ದೊರೆಯುತ್ತದೆ. ಕಚೇರಿಯ ಗಣಕದಲ್ಲಿ ಇಂಗ್ಲಿಷ್ ಒಂದನ್ನೇ ಇಟ್ಟುಕೊಳ್ಳಬೇಕಾದ ವಿದೇಶದ ಕನ್ನಡಿಗನಿಗೆ ಅದು ದೊರೆಯದಿರಬಹುದು. ತುಂಗಾದಲ್ಲಿ ಪರೀಕ್ಷಿಸಿದ ಸಂಪಾದಕನೂ ಆ ಓದುಗನೂ ಒಂದೇ ಪುಟವನ್ನು ನೋಡುತ್ತಿದ್ದಾರೆ ಎನ್ನುವಂತಿಲ್ಲ.

ವ್ಯವಸ್ಥೆಯ ಫಾಂಟುಗಳನ್ನು ಹಳಿಯುವುದು ನ್ಯಾಯವಲ್ಲ. ಅವು ತಮ್ಮ ಕೆಲಸಕ್ಕೆ ತಕ್ಕಂತೆ ರೂಪುಗೊಂಡಿವೆ. ನೋಟೋ ಸಾನ್ಸ್ ಕನ್ನಡಕ್ಕೆ ‘ಯುಐ’ ಎಂಬ ಪ್ರತ್ಯೇಕ ರೂಪವೊಂದನ್ನು ಮಾಡಿದ್ದು, ಒತ್ತಕ್ಷರಗಳ ಎತ್ತರ ಆಳಗಳು ಮೆನುವಿನ ಕಿರಿದಾದ ಸಾಲಿನೊಳಗೆ ಅಡಗಲಿ ಎಂದೇ. ‘ಉಳಿಸು’, ‘ಅಳಿಸು’ ಎಂಬ ಗುಂಡಿಗಳಿಗೆ ಆ ಸಂಕೋಚ ಸಾಕು. ಒತ್ತಿನ ಕೆಳಗೆ ಒತ್ತು ಬರುವ ವೃತ್ತಗಳ ಸಾಲಿಗೆ ಅದು ಸಾಲದು. ನಿರ್ಮಲಾ ಯುಐಗೆ ಓರೆ ಅಕ್ಷರದ ರೂಪವಿಲ್ಲ. ಸಂಪಾದಕನು ಊಹಿಸಿದ ಪಾಠವನ್ನು ಓರೆಯಾಗಿ ತೋರಿಸಹೊರಟರೆ ಗಣಕವು ನೇರ ಅಕ್ಷರವನ್ನೇ ಬಲವಂತವಾಗಿ ಬಾಗಿಸುತ್ತದೆ. ಉಪಕರಣ ಒಳ್ಳೆಯದೇ, ಆದರೆ ಅದು ಈ ಕೆಲಸದ ಉಪಕರಣವಲ್ಲ.

ಸಂಕೇತವಿದ್ದ ಮಾತ್ರಕ್ಕೆ ರೂಪವೂ ದೊರೆಯುತ್ತದೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಯೂನಿಕೋಡ್‌ನಲ್ಲಿ ೞಕಾರಕ್ಕೆ ಮೊದಲು ಬಿದ್ದ ಹೆಸರು ‘ಫ’ ಎಂಬ ಧ್ವನಿಯದು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಹೆಸರು ಇಂದಿಗೂ ಉಳಿದಿದೆ; ಸರಿಯಾದ ಹೆಸರು ಪರ್ಯಾಯವಾಗಿ ಸೇರಿದೆ. ಪದಾಂತ್ಯದ ನಕಾರಪೊಲ್ಲಿಗೆ ಸ್ವಂತ ಸಂಕೇತ ದೊರೆತದ್ದು 2021ರಲ್ಲಿ. ಅದಕ್ಕೆ ಮೊದಲೇ ಸಿದ್ಧವಾಗಿ, ಮುಂದೆ ಪರಿಷ್ಕಾರ ಕಾಣದ ಯಾವ ಫಾಂಟಿನಲ್ಲಿಯೂ ಆ ಸಂಕೇತಕ್ಕೆ ರೂಪವಿರುವುದಿಲ್ಲ. ಅಂಥ ಗಣಕದಲ್ಲಿ ಓದುಗನಿಗೆ ಕಾಣುವುದು ಖಾಲಿ ಚೌಕ.

ಈ ಚೌಕದ ಭಯವೇ ನಿಜವಾದ ಹಾನಿಯನ್ನು ಮಾಡುತ್ತದೆ. ಓದುಗನಿಗೆ ತೊಂದರೆಯಾಗದಿರಲೆಂದು ‘ಅಱಿ’ಯನ್ನು ‘ಅರಿ’ ಎಂದೂ, ‘ಪೊೞ್ತು’ ಎಂಬುದನ್ನು ‘ಪೊಳ್ತು’ ಎಂದೂ ಬೆರಳಚ್ಚಿಸಿದರೆ ಪುಟ ಅಂದವಾಗಿ ಕಾಣುತ್ತದೆ, ಪಾಠ ಕೆಡುತ್ತದೆ. ದ್ವಿತೀಯಾಕ್ಷರ ಪ್ರಾಸದಲ್ಲಿ ಕವಿಯು ರಕಾರ ಱಕಾರಗಳನ್ನು, ಳಕಾರ ೞಕಾರಗಳನ್ನು ಬೇರೆಯಾಗಿ ಇಟ್ಟಿದ್ದಾನೆಯೇ, ಬೆರೆಸಿದ್ದಾನೆಯೇ ಎಂಬುದು ಕೃತಿಯ ಕಾಲವನ್ನು ವಿಚಾರಿಸುವಾಗ ನೆರವಾಗುವ ಸಾಕ್ಷ್ಯ. ಮೂಲದಲ್ಲಿದ್ದ ಭೇದವನ್ನು ಬೆರಳಚ್ಚಿನಲ್ಲಿ ಅಳಿಸಿದ ಮೇಲೆ ಅದನ್ನು ಯಾವ ಉತ್ತಮ ಫಾಂಟೂ ಮರಳಿ ತರಲಾರದು. ಫಾಂಟಿನ ಕೊರತೆ ನಾಳೆ ತೀರಬಹುದು. ಅದಕ್ಕೆ ಹೆದರಿ ತಿದ್ದಿದ ಪಾಠ ಪ್ರತಿಯಿಂದ ಪ್ರತಿಗೆ ಹರಡುತ್ತಲೇ ಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಒಂದು ಸಾಲನ್ನು ಯಾವ ಫಾಂಟ್ ಚಿತ್ರಿಸಿದೆ ಎಂಬುದನ್ನು ಕ್ರೋಮ್, ಫೈರ್‌ಫಾಕ್ಸ್‌ಗಳ ಪರಿಶೀಲನಾ ಫಲಕದಲ್ಲಿಯೇ ನೋಡಬಹುದು. ಪುಟವು ಕೋರಿದ ಹೆಸರಲ್ಲ, ನಿಜವಾಗಿ ಬಳಕೆಯಾದ ಹೆಸರು ಅಲ್ಲಿ ಸಿಗುತ್ತದೆ. ‘ಕೞ್ತೆ’, ‘ಪೊೞ್ತು’, ‘ಬಾೞ್’, ‘ತೋಱು’ ಎಂಬ ನಾಲ್ಕು ಪದಗಳನ್ನು ಬೇರೆ ಬೇರೆ ಗಣಕಗಳಲ್ಲಿ ಹೀಗೆ ಪರೀಕ್ಷಿಸಿದರೆ ಒತ್ತು, ಪೊಲ್ಲು, ಸ್ವರಚಿಹ್ನೆ ಮೂರರ ಸ್ಥಿತಿಯೂ ತಿಳಿಯುತ್ತದೆ. ಆಮೇಲೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಫಾಂಟನ್ನು ಆವೃತ್ತಿಯು ತನ್ನೊಂದಿಗೇ ಒಯ್ಯಬೇಕು. ನೋಟೋ ಕುಟುಂಬದ ಫಾಂಟುಗಳು ಮುಕ್ತ ಪರವಾನಗಿಯಲ್ಲಿರುವುದರಿಂದ ಅವನ್ನು ಪುಟದೊಡನೆ ಕಳುಹಿಸಲು ಅಡ್ಡಿಯಿಲ್ಲ. ಕೆಲವು ನೂರು ಕಿಲೋಬೈಟುಗಳ ಭಾರ ಹೆಚ್ಚುತ್ತದೆ. ಒಂದು ಛಾಯಾಚಿತ್ರಕ್ಕೆ ತೆರುವಷ್ಟೇ ಬೆಲೆ.

ಸಂಪಾದಕನು ಆಧಾರವಾಗಿಟ್ಟುಕೊಂಡ ಓಲೆಪ್ರತಿಗಳನ್ನು ಪೀಠಿಕೆಯಲ್ಲಿ ಹೇಳುವುದು ವಾಡಿಕೆ. ಪರದೆಯ ಆವೃತ್ತಿಯ ಪೀಠಿಕೆಯಲ್ಲಿ ಫಾಂಟಿನ ಹೆಸರೂ ಅದರ ಆವೃತ್ತಿಸಂಖ್ಯೆಯೂ ಅಷ್ಟೇ ಸಹಜವಾಗಿ ಬರಬೇಕು. ಕವಿ ಬರೆದದ್ದು ಬದುಕೋ ಕತ್ತಿಯೋ ಎಂಬುದನ್ನು ಓದುಗನ ಗಣಕದಲ್ಲಿ ಆಕಸ್ಮಿಕವಾಗಿ ಇದ್ದ ಫಾಂಟಿನ ನಿರ್ಣಯಕ್ಕೆ ಬಿಡಲಾಗದು.